ಮಾವನ ಹೆಡ್‌ಫೋನಿಗೆ ಆಂಪ್ಲಿಫೈಯರ್ ಬೇಕೆ?

ನಮ್ಮ ಸೋದರಮಾವನಿಗೆ ಎರಡು ಕಿವಿಗಳಿವೆ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಈಚೆಗೆ ಅವನ್ನು ಕಣ್ಣಾರೆ ಕಂಡವರು ಇಬ್ಬರೇ. ಒಬ್ಬ ಅವರ ಕೂದಲು ಕತ್ತರಿಸುವವನು, ಇನ್ನೊಬ್ಬರು ನಮ್ಮತ್ತೆ. ಮಿಕ್ಕವರ ಪಾಲಿಗೆ ಮಾವನ ತಲೆಯೆಂದರೆ ಎರಡು ಕರಿ ಬಟ್ಟಲು, ಅವನ್ನು ಜೋಡಿಸುವ ಒಂದು ಕಮಾನು, ಮಧ್ಯದಲ್ಲಿ ಕನಸು ಕಾಣುತ್ತಿರುವ ಒಂದು ಮುಖ, ಅಷ್ಟೇ. ಕಣಕಟ್ಟೆ ಬಸ್ಸಿನಲ್ಲಿ, ತೆಂಗಿನ ತೋಟದಲ್ಲಿ, ಮಠದ ದಾಸೋಹದ ಪಂಕ್ತಿಯಲ್ಲಿ, ಯಾರದೋ ನಿಶ್ಚಿತಾರ್ಥದ ಚಾಪೆಯ ಮೇಲೆ, ಎಲ್ಲಿ ನೋಡಿದರೂ ಹೆಡ್‌ಫೋನು ತಲೆಯ ಮೇಲೆಯೇ! ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಾರೋ ಇಲ್ಲವೋ ಎಂಬ ಬಗ್ಗೆ ನಮ್ಮ ಬಳಗದಲ್ಲಿ ಎರಡು ಅಭಿಪ್ರಾಯಗಳಿವೆ.

ಆ ಹೆಡ್‌ಫೋನನ್ನು ಅವರಿಗೆ ಮಾರಿದವನು ನಾನೇ. ಅರಸೀಕೆರೆ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಮೊಬೈಲ್ ಅಂಗಡಿ ಇದೆ. ಒಡೆದ ಗಾಜು ಬದಲಾಯಿಸುವುದು, ಚಾರ್ಜರು, ಇಯರ್‌ಫೋನು ಮಾರುವುದು, ಜೊತೆಗೆ ಯಾವ ಫೋನು ಒಳ್ಳೆಯದು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುವುದು ನನ್ನ ಕಸುಬು. ಎರಡು ವರ್ಷದ ಕೆಳಗೆ ಒಂದು ಮಧ್ಯಾಹ್ನ ಮಾವ ಬಂದು ಸ್ಟೂಲಿನ ಮೇಲೆ ಕೂತರು. ಕಿವಿಗೆ ಹಾಕಿಕೊಳ್ಳುವುದು ಏನಾದರೂ ತೋರಿಸು ಎಂದರು. ನಾನು ಉತ್ಸಾಹದಿಂದ ಕಡಲೆಕಾಳಿನಷ್ಟು ಚಿಕ್ಕವನ್ನು ತೆಗೆದು ಅಂಗೈ ಮೇಲಿಟ್ಟೆ. ಮಾವ ಅವನ್ನು ಹೊರಳಿಸಿ ನೋಡಿ, "ಇದು ಕಾಣಾದೇ ಇಲ್ವಲ್ಲೋ" ಎಂದು ವಾಪಸು ಕೊಟ್ಟರು. ಮಾವ, ಅದು ಕೇಳಿಸಬೇಕಾದ ಸಾಮಾನು, ಕಾಣಿಸಬೇಕಾದದ್ದಲ್ಲ ಎಂದು ತಿಳಿಸಿ ಹೇಳಿದೆ. ಅವರು ಒಪ್ಪಲಿಲ್ಲ. ಬೀದಿಯ ಆ ಕಡೆಯಿಂದ ನೋಡಿದವರಿಗೂ ಕಾಣಬೇಕಂತೆ! ಕೊನೆಗೆ ಯಾರೂ ಕೊಳ್ಳದೆ ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿದ್ದ ಒಂದು ದೊಡ್ಡ ಹೆಡ್‌ಫೋನನ್ನು ಅವರೇ ಆರಿಸಿಕೊಂಡರು. ಹಾಕಿಕೊಂಡು ರಸ್ತೆ ದಾಟಿ, ಎದುರಿನ ಹೂವಿನ ಅಂಗಡಿಯ ಪಕ್ಕ ನಿಂತು, ಅಲ್ಲಿಂದಲೇ ಕಾಣ್ತದಾ ಎಂದು ಕೈಸನ್ನೆ ಮಾಡಿ ಕೇಳಿದರು. ಕಾಣದೆ ಏನು, ಮಾವನಿಗಿಂತ ಮೊದಲು ಅದೇ ಕಾಣುತ್ತಿತ್ತು. ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಶೋಕಿ ಹತ್ತುತ್ತದೆ ಎಂದು ಕೇಳಿದ್ದೆ, ಅವತ್ತು ನೋಡಿದಂತಾಯಿತು.

ಅವರು ಅದರಲ್ಲಿ ಏನು ಕೇಳುತ್ತಾರೆ ಎಂಬುದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ತಂತಿ ಕುತ್ತಿಗೆಯಿಂದ ಇಳಿದು ಜುಬ್ಬದ ಜೇಬಿನೊಳಗೆ ಹೋಗುತ್ತಿತ್ತು. ಕೇಳಿದರೆ ಮಾವ ತೋಟದ ಕಡೆ ನೋಡುತ್ತಾ, ಗಾಳಿ ಬೀಸಿದಾಗ ಗರಿಗಳು ಒಂದಕ್ಕೊಂದು ಏನು ಹೇಳಿಕೊಳ್ಳುತ್ತವೆ ಗೊತ್ತೇನೋ ಎಂದು ನಮ್ಮನ್ನೇ ಕೇಳುತ್ತಿದ್ದರು. ಇದು ಉತ್ತರವೇ? ಹೀಗಾಗಿ ಊರಿನವರು ತಮಗೆ ತೋಚಿದ್ದನ್ನು ತಾವೇ ಅಂದುಕೊಂಡರು. ಹೆಂಗಸರು ವಚನ ಕೇಳುತ್ತಾರೆ ಎಂದರು. ಹುಡುಗರು ಸಿನಿಮಾ ಹಾಡು ಎಂದರು. ಕೊಬ್ಬರಿ ಮಂಡಿಯ ವರ್ತಕರು ಮಾತ್ರ ಇದರಲ್ಲಿ ಬೇರೆಯದೇ ಗುಟ್ಟು ಕಂಡರು. ಬೇರೆ ಊರಿನ ಮಾರುಕಟ್ಟೆಯ ರೇಟು ಇವರ ಕಿವಿಗೆ ಎಲ್ಲರಿಗಿಂತ ಮೊದಲು ಬಂದು ಬೀಳುತ್ತದೆ ಎಂದು ಅವರಿಗೆ ಖಾತ್ರಿಯಾಗಿಬಿಟ್ಟಿತ್ತು. ಮಂಡಿಯಲ್ಲಿ ಮಾವ ಯಾವುದೋ ಯೋಚನೆಯಲ್ಲಿ ಸುಮ್ಮನೆ ಮುಗುಳ್ನಕ್ಕರೆ ಸಾಕು, ಇಬ್ಬರು ಮಾರಲು ತಂದಿದ್ದ ಚೀಲವನ್ನು ತಿರುಗಿ ಗಾಡಿಗೆ ಹೇರುತ್ತಿದ್ದರು. ಒಂದು ದಿನ ಅವರು ಆಕಳಿಸಿದ್ದಕ್ಕೆ ಏನು ಅರ್ಥ ಎಂದು ನನ್ನ ಅಂಗಡಿಗೇ ಬಂದು ವಿಚಾರಿಸಿದವರಿದ್ದಾರೆ!

ಇನ್ನು ನಮ್ಮತ್ತೆಯ ವಿಷಯ. ಮಾವನ ಕಿವಿ ಹೆಡ್‌ಫೋನಿನಿಂದ ಹೆಸರಾದರೆ, ಅತ್ತೆಯ ಕಿವಿ ಅದಕ್ಕೂ ಎಷ್ಟೋ ಮೊದಲೇ ಹೆಸರಾಗಿತ್ತು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಅವಸರದ ಕೆಲಸವಲ್ಲ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹಾಗೇ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಬಿಟ್ಟಿದೆಯೋ ಇಲ್ಲವೋ ಎಂದು ಹೊರಗಿನಿಂದ ಕಾಣುವುದಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಉಂಡೆ ಉರುಳುವ ಸದ್ದು ಕೇಳಿ ಹೇಳಬೇಕು. ಅವಸರಪಟ್ಟು ಸುಲಿಸಿದರೆ ಹಸಿ ಕೊಬ್ಬರಿ ಚೂರಾಗಿ ಬರುತ್ತದೆ. ಅತ್ತೆ ಒಂದು ಸಲ ಅಲ್ಲಾಡಿಸಿ ಆಗೈತೆ ಎಂದರೆ ಆಗಿದೆ, ಇನ್ನೂ ಇಲ್ಲ ಎಂದರೆ ಇಲ್ಲ. ಸುತ್ತಲ ನಾಲ್ಕು ಊರಿನವರು ಸುಲಿಸುವ ಮೊದಲು ಅತ್ತೆಯನ್ನು ಕರೆದುಕೊಂಡು ಹೋಗಿ ಅಟ್ಟ ಹತ್ತಿಸುತ್ತಿದ್ದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತುವಾಗ ಕೆಳಗೆ ನಿಂತವರೆಲ್ಲ ಮಾತು ನಿಲ್ಲಿಸುತ್ತಿದ್ದರು. ಅವರ ಮರ್ಯಾದೆಯೆಲ್ಲ ಆ ಕಿವಿಯಲ್ಲಿತ್ತು.

ಮಾವನೂ ಅತ್ತೆಯೂ ಮಧ್ಯಾಹ್ನದ ಹೊತ್ತು ಅಟ್ಟದ ಮೇಲೆ ಕೂತು ಕಾಯಿ ಆರಿಸುತ್ತಿದ್ದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಹೆಂಚಿನ ಸಂದಿಯಿಂದ ಬಿಸಿಲಿನ ಕೋಲುಗಳು ಇಳಿದಿರುತ್ತಿದ್ದವು, ಅದರಲ್ಲಿ ನಾರಿನ ಧೂಳು ಮೆಲ್ಲಗೆ ತೇಲುತ್ತಿತ್ತು. ಮಾವನದು ಮೊದಲೇ ಪಿಸುದನಿ. ಫೋನಿನಲ್ಲಿ ಮಾತಾಡಿದರೆ ಲೈನು ಕಟ್ಟಾಯಿತೇನೋ ಎಂದು ನಾವು ಹಲೋ ಹಲೋ ಅನ್ನಬೇಕು. ಅವರು ಜೋರಾಗಿ ಮಾತಾಡಿದ್ದನ್ನು ಹುಟ್ಟಿದಾಗಿನಿಂದ ಯಾರೂ ಕೇಳಿಲ್ಲ, ಹಸುವನ್ನು ಓಡಿಸುವಾಗಲೂ ಸಮಾಧಾನದಿಂದ ಹೇಳುವವರು. ಅಟ್ಟದ ಮೇಲೆ ಆ ದನಿಯಲ್ಲಿ ಅವರೇನೋ ಹೇಳುವುದು, ಅತ್ತೆ ಸಣ್ಣಗೆ ನಗುವುದು, ಮತ್ತೆ ಕಾಯಿ ಉರುಳುವ ಸದ್ದು, ಇವು ಕೆಳಗೆ ಮಲಗಿದ್ದ ನಮಗೆ ನಿದ್ದೆ ಬರಿಸುತ್ತಿದ್ದವು. ಇಷ್ಟು ವರ್ಷದ ಗಂಡ ಹೆಂಡಿರಿಗೆ ದಿನಾ ಮಾತಾಡಲು ಅದೇನಿರುತ್ತದೋ ಎಂದು ನಮ್ಮಮ್ಮ ತಮ್ಮನನ್ನು ರೇಗಿಸುತ್ತಿದ್ದಳು.

ಹೆಡ್‌ಫೋನು ಬಂದಮೇಲೆ ಅದೆಲ್ಲ ಹೋಯಿತು. ಅಮ್ಮನಿಗೆ ಚಿಂತೆ ಹತ್ತಿದ್ದೇ ಇದಕ್ಕೆ. ಅವರಿಬ್ಬರೂ ಮಾತಾಡಿಕೊಳ್ಳೋದು ನಿಂತುಹೋಗಿದೆ ಕಣೋ, ನೀನೇ ಮಾರಿದ್ದು, ನೀನೇ ಅದನ್ನು ಅವನ ತಲೆಯಿಂದ ಇಳಿಸು ಎಂದು ನನ್ನ ಬೆನ್ನುಹತ್ತಿದಳು. ಮಾತು ನಿಂತಿತ್ತು ಸರಿ, ಆದರೆ ಸದ್ದು ನಿಂತಿರಲಿಲ್ಲ. ಮಾವನಿಗೆ ಕೇಳಿಸಲೆಂದು ಮನೆಗೆ ಬಂದವರೆಲ್ಲ ಕಿರುಚತೊಡಗಿದ್ದರು. ಹಾಲು ಹಾಕುವವನು ಕಿರುಚುತ್ತಿದ್ದ, ಪೂಜಾರಪ್ಪ ಕಿರುಚುತ್ತಿದ್ದ, ಬಸ್ ಕಂಡಕ್ಟರು ಮಾವನ ಸೀಟಿನ ಹತ್ತಿರ ಬಂದಾಗ ಮಾತ್ರ ದನಿ ಏರಿಸುತ್ತಿದ್ದ. ಎಲ್ಲರಿಗಿಂತ ಜೋರು ಅತ್ತೆಯದು. ಮೊದಲು ಹಾಗೆ ಮಾತಾಡುತ್ತಿದ್ದವರೇ ಅಲ್ಲ, ಪಾಪ, ಗಂಡನ ಹುಚ್ಚಿನಿಂದ ಗಂಟಲು ಹಾಳಾಗುತ್ತಿದೆ ಎಂದು ನಾವೆಲ್ಲ ಮರುಗಿದೆವು. ನಾವು ಮಾವನ ಮನೆಗೆ ಹೋಗಿದ್ದ ಒಂದು ಬೆಳಿಗ್ಗೆ ಅವರ ಪಕ್ಕದ ಮನೆಯ ಯಜಮಾನರು ಹೆಗಲ ಮೇಲೆ ಟವೆಲು ಹಾಕಿಕೊಂಡು, ಗಂಭೀರವಾದ ಮುಖ ಮಾಡಿಕೊಂಡು ಒಳಗೆ ಬಂದು ಕೂತರು. ದಾಯಾದಿ ಜಗಳವೇನೋ, ಪಾಲಿನ ವಿಷಯ ಇರಬೇಕು, ನಾಲ್ಕು ಮಾತು ಹೇಳಿ ರಾಜಿ ಮಾಡಿಸೋಣ ಎಂದು ಬಂದದ್ದಂತೆ. ಒಳಗೆ ಅಮ್ಮನೂ ಅತ್ತೆಯೂ ಮಾವನನ್ನು ಕೇಳುತ್ತಿದ್ದದ್ದು ಇಷ್ಟೇ: ಸಾರಿಗೆ ಅವರೆಕಾಳು ಹಾಕೋದೋ ಹುರುಳಿಕಾಳೋ? ಬಂದದ್ದಕ್ಕೆ ಯಜಮಾನರು ಊಟ ಮುಗಿಸಿಕೊಂಡೇ ಹೋದರು.

ಮಠದ ಸ್ವಾಮಿಗಳಾದ ಬುದ್ಧಿಯವರ ಹತ್ತಿರವೂ ಕರೆದುಕೊಂಡು ಹೋದೆವು. ಅವರು ಹೇಳಿದರೆ ಮಾವ ಮೀರುವವರಲ್ಲ. ಬುದ್ಧಿಯವರು ಮಾವನ ತಲೆಯನ್ನು ಒಂದು ಕ್ಷಣ ನೋಡಿ, ಇವರಿಗೆ ಮೆಲ್ಲಗೆ ಹೇಳಿದರೆ ಮುಟ್ಟುವುದಿಲ್ಲ ಎಂದು ತಿಳಿದು, ಗಂಡ ಹೆಂಡಿರಿಬ್ಬರಿಗೂ ಸೇರಿಸಿ ಎತ್ತರದ ದನಿಯಲ್ಲಿ ಆಶೀರ್ವಾದ ಮಾಡಿದರು. ಎಷ್ಟು ಎತ್ತರ ಎಂದರೆ ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದವರೂ ಅಲ್ಲೇ ಕೈಮುಗಿದರು. ಹೆಡ್‌ಫೋನು ತೆಗೆಯುವ ಮಾತು ಬರಲೇ ಇಲ್ಲ. ನನಗೂ ಅಮ್ಮನಿಗೂ ಮುಖ ಸಪ್ಪಗಾಯಿತು. ಅತ್ತೆ ಮಾತ್ರ ಅವತ್ತು ದಾರಿಯುದ್ದಕ್ಕೂ ಖುಷಿಯಾಗಿದ್ದರು, ಬುದ್ಧಿಯವರ ಮಾತನ್ನು ಒಂದಕ್ಷರ ಬಿಡದೆ ನಮಗೇ ತಿರುಗಿ ಹೇಳಿದರು.

ಇಷ್ಟು ಸಾಲದು ಎಂಬಂತೆ ಮಾವನಿಗೆ ಹೊಸ ಹುಳ ಹೊಕ್ಕಿತು. ಒಂದು ದಿನ ಅಂಗಡಿಗೆ ಬಂದು ಸ್ಟೂಲು ಎಳೆದುಕೊಂಡು, "ಈ ಹೆಡ್‌ಫೋನಿಗೆ ಅಂತಾನೇ ಬೇರೆ ಆಂಪ್ಲಿಫೈಯರ್ ಬರ್ತದಂತಲ್ಲೋ. ಬೇಕಾಗ್ತದಾ?" ಎಂದು ಕೇಳಿದರು.

ನನಗೆ ಇದಕ್ಕಿಂತ ಇಷ್ಟದ ಪ್ರಶ್ನೆ ಇನ್ನೊಂದಿಲ್ಲ. ಗಿರಾಕಿಗಳನ್ನು ನಿಲ್ಲಿಸಿಕೊಂಡು ವಿವರಿಸಿದೆ. ಹಾಡು ರೆಕಾರ್ಡು ಮಾಡುವ ಸ್ಟುಡಿಯೋಗಳಲ್ಲಿ ಬಳಸುವ ಕೆಲವು ಭಾರಿ ಹೆಡ್‌ಫೋನುಗಳಿಗೆ ಫೋನಿನ ಶಕ್ತಿ ಸಾಲುವುದಿಲ್ಲ, ದನಿ ಬಂದರೂ ಸೊರಗಿ ಬರುತ್ತದೆ, ಅಂಥವಕ್ಕೆ ಆಂಪ್ಲಿಫೈಯರ್ ಬೇಕು. ಸಾದಾ ಹೆಡ್‌ಫೋನಿಗೆ ಫೋನೇ ಸಾಕು, ಅದರೊಳಗೇ ಪುಟ್ಟದೊಂದು ಆಂಪ್ಲಿಫೈಯರ್ ಇರುತ್ತದೆ. ಮಾವನಿಗೆ ತಿಳಿಯಲೆಂದು ತೋಟದ ಭಾಷೆಯಲ್ಲೂ ಹೇಳಿದೆ. ಬೋರು ಆಳವಾಗಿದ್ದರೆ ದೊಡ್ಡ ಮೋಟರು ಇಳಿಸಬೇಕು, ತೊಟ್ಟಿಯಿಂದ ಗಿಡಕ್ಕೆ ನೀರು ಬಿಡಲು ಮೋಟರು ಯಾಕೆ? ನಿಮ್ಮದು ತೊಟ್ಟಿ ಎಂದೆ. ಮಾವ ಹೊರಗೆ ನಿಂತ ಬಸ್ಸುಗಳನ್ನು ನೋಡುತ್ತಾ, ಬಾವಿ ವರ್ಷ ವರ್ಷ ಆಳ ಆಗ್ತಾ ಹೋದರೆ ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಹೆಡ್‌ಫೋನಿನ ಬಾವಿ ಆಳ ಆಗಲ್ಲ ಮಾವ ಎಂದು ನಾನು ನಕ್ಕೆ.

ಅಲ್ಲಿಂದ ಮಂಡಿಗೆ ಬಂದಾಗಲೆಲ್ಲ ಅದೇ ಮಾತು. ನನ್ನ ಅಂಗಡಿಯ ಮುಂದೆ ಎರಡು ಪಕ್ಷಗಳೇ ಹುಟ್ಟಿಕೊಂಡವು. ಬೇಕು ಎನ್ನುವವರಲ್ಲಿ ಯಾರ ಹತ್ತಿರವೂ ಹೆಡ್‌ಫೋನು ಇರಲಿಲ್ಲ, ಬೇಡ ಎನ್ನುವವರಲ್ಲಿ ಯಾರೂ ಆಂಪ್ಲಿಫೈಯರ್ ಕಂಡವರಲ್ಲ, ಆದ್ದರಿಂದ ವಾದ ಬಹಳ ಚೆನ್ನಾಗಿ ನಡೆಯಿತು! ಮಾವನ ಷರತ್ತುಗಳಂತೂ ನನ್ನ ತಲೆ ಕೆಡಿಸಿದವು. ಆಂಪ್ಲಿಫೈಯರ್ ಚಿಕ್ಕದಿರಬೇಕಂತೆ. ಸೊಂಟಕ್ಕೆ ಸಿಕ್ಕಿಸುವ ಹಾಗಿರಬೇಕಂತೆ. ಹಾಡು ಬಾರದಿದ್ದರೂ ಪರವಾಗಿಲ್ಲವಂತೆ. ಹಾಡು ಬೇಡವಾದರೆ ಆಂಪ್ಲಿಫೈಯರಿಗೆ ಹೋಗುವುದೇನು ಮಾವ, ಗಾಳಿಯಾ ಎಂದು ಕೇಳಿದೆ. ಅವರು ತಲೆ ಅಲ್ಲಾಡಿಸಿ, ಹೂಂ, ಹಂಗೇ ಅಂತಿಟ್ಕೋ ಎಂದು ಹೇಳಿ ಬಸ್ಸಿಗೆ ಹೊರಟರು. ಇವರಿಗೆ ಏನೋ ಆಗಿದೆ ಎಂದು ನನಗೂ ಅನ್ನಿಸಿದ್ದು ಅವತ್ತೇ.

ಅದಕ್ಕೇ ಅಮ್ಮ ಒಂದು ಉಪಾಯ ಮಾಡಿದಳು. ಒಂದು ದಿನ ಇಬ್ಬರನ್ನೂ ಬೇಲೂರು ಹಳೇಬೀಡು ಸುತ್ತಿಸಿಕೊಂಡು ಬಂದರೆ, ಕಾರಿನಲ್ಲಿ ಅಕ್ಕಪಕ್ಕ ಕೂತಾದರೂ ಮಾತು ಬಂದೀತು ಎಂದು. ಬಾಡಿಗೆಗೆ ತಂದ ಕಾರನ್ನು ನಾನೇ ಓಡಿಸಿದೆ. ಹಿಂದೆ ಅಕ್ಕಪಕ್ಕ ಕೂತವರು ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕಿಟಕಿ ನೋಡಿದರು. ರಾಗಿ ಹೊಲ ಬಂತು, ಕೆರೆ ಬಂತು, ಮತ್ತೆ ರಾಗಿ ಹೊಲ ಬಂತು. ಬೇಲೂರಿನಲ್ಲಿ ದರ್ಶನ ಮಾಡಿ, ಊಟ ಮುಗಿಸಿ, ಹಳೇಬೀಡಿಗೆ ಬರುವ ಹೊತ್ತಿಗೆ ಬಿಸಿಲು ಓರೆಯಾಗಿತ್ತು. ಅಮ್ಮ ಅತ್ತೆಯ ಕೈ ಹಿಡಿದುಕೊಂಡು ದೊಡ್ಡ ಬಸವಣ್ಣನನ್ನು ನೋಡಲು ಹೋದಳು.

ಮಾವ ಕಲ್ಲಿನ ಗೋಡೆಯ ಪಕ್ಕದಲ್ಲೇ ನಿಧಾನವಾಗಿ ನಡೆಯುತ್ತಿದ್ದರು. ಅಲ್ಲಿ ಮದ್ದಳೆ ಬಾರಿಸುವವರು, ಕೊಳಲೂದುವವರು, ತಾಳ ಹಾಕುವವರು ಎಲ್ಲರೂ ಕಲ್ಲಾಗಿ ನಿಂತಿದ್ದಾರಲ್ಲ, ಒಬ್ಬೊಬ್ಬರ ಮುಂದೂ ನಿಂತು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ದೂರದ ಊರಿನಿಂದ ಬಂದಿದ್ದ ಒಂದು ಜೋಡಿ ಇದನ್ನು ನೋಡಿತು. ದೇವಸ್ಥಾನದ ಕತೆ ಹೇಳುವ ಯಂತ್ರವನ್ನು ಇಲ್ಲಿ ಬಾಡಿಗೆಗೆ ಕೊಡುತ್ತಾರೆ ಎಂದುಕೊಂಡಿತೋ ಏನೋ, ಹತ್ತಿರ ಬಂದು ಹೆಡ್‌ಫೋನು ತೋರಿಸಿ, ಇದು ಎಲ್ಲಿ ಸಿಗುತ್ತದೆ ಎಂದು ಕೈಸನ್ನೆಯಲ್ಲಿ ಕೇಳಿತು. ಮಾವ ಏನು ಅರ್ಥ ಮಾಡಿಕೊಂಡರೋ, ಗೋಡೆಯ ಮೇಲಿನ ಮದ್ದಳೆಯವನನ್ನು ತೋರಿಸಿದರು. ಅವರು ಹೋಗಿ ಭಕ್ತಿಯಿಂದ ಗೋಡೆಗೆ ಕಿವಿಯಿಟ್ಟರು! ಅವರನ್ನು ನೋಡಿ ಹಿಂದೆ ಬಂದ ಕಾಲೇಜು ಹುಡುಗಿಯರು ಕಿವಿಯಿಟ್ಟರು. ಸ್ವಲ್ಪ ಹೊತ್ತಿಗೆ ಗೋಡೆಯುದ್ದಕ್ಕೂ ಜನ ಒರಗಿ ನಿಂತಿದ್ದರು, ಕಾವಲಿನವನು ಬಂದು ಸೀಟಿ ಊದಿದ. ಒಬ್ಬ ಅಜ್ಜಿ ಮಾತ್ರ ಸಣ್ಣಗೆ ಕೇಳಿಸಿತು ಎಂದು ಹೇಳುತ್ತಾ ಹೋದರು.

ನಾನು ನಗು ತಡೆಯಲಾರದೆ ಮಾವನನ್ನು ಹುಡುಕಿಕೊಂಡು ಹೋದರೆ ಅವರು ಹುಲ್ಲಿನ ಮೇಲೆ ಮರದ ನೆರಳಿನಲ್ಲಿ ಕೂತಿದ್ದರು. ಕಣ್ಣು ಮುಚ್ಚಿತ್ತು, ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು. ಹೆಡ್‌ಫೋನಿನ ತಂತಿ ಜೇಬಿನಿಂದ ಹೊರಗೆ ಜಾರಿ, ಅದರ ಪಿನ್ನು ಹುಲ್ಲಿನ ಮೇಲೆ ಬಿದ್ದಿತ್ತು. ಜೇಬಿನಲ್ಲಿ ಫೋನೇ ಇರಲಿಲ್ಲ. ಅದು ಕಾರಿನಲ್ಲಿ, ಅತ್ತೆಯ ಚೀಲದಲ್ಲಿ ಇದ್ದದ್ದು ನನಗೆ ಗೊತ್ತಿತ್ತು.

ಮಾವನ ಪಕ್ಕ ಕೂತೆ. ಪಿನ್ನನ್ನು ಎತ್ತಿ ಅವರ ಅಂಗೈ ಮೇಲಿಟ್ಟೆ. ಮಾವ ಕಣ್ಣು ತೆರೆದು ಅದನ್ನು ನೋಡಿದರು, ನನ್ನನ್ನು ನೋಡಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಗಾಬರಿಯೇನೂ ಆಗಲಿಲ್ಲ.

"ಇದ್ರಾಗೆ ಯಾವತ್ತೂ ಏನೂ ಬಂದಿಲ್ಲ ಕಣೋ" ಎಂದರು. ಪಿನ್ನನ್ನು ಜೇಬಿಗೆ ಇಳಿಸಿಕೊಂಡು, "ನಿಮ್ಮತ್ತೆಗೆ ಕಿವಿ ಕೇಳ್ಸಲ್ಲ" ಎಂದರು.

ಆಮೇಲೆ ಅವರು ಹೇಳಿದ್ದನ್ನು ನಾನು ಹುಲ್ಲು ಕೀಳುತ್ತಾ ಕೇಳಿಸಿಕೊಂಡೆ. ಹೆಡ್‌ಫೋನು ಕೊಳ್ಳುವುದಕ್ಕೆ ಮೊದಲಿನ ಮಾತು. ಅಟ್ಟದ ಮೇಲೆ ಅತ್ತೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದವರು, ಎಂದಿನಂತೆ ಕಣ್ಣು ಮುಚ್ಚಲಿಲ್ಲವಂತೆ. ಮಾವನ ಮುಖ ನೋಡಿದರಂತೆ. ಮಾವನ ಮುಖದಲ್ಲಿ ಒಪ್ಪಿಗೆ ಕಂಡಮೇಲೆ ಆಗೈತೆ ಎಂದರಂತೆ. ಇನ್ನೊಂದು ಕಾಯಿಗೂ ಹಾಗೇ. ಮಾವ ಏನನ್ನೂ ಕೇಳದೆ ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎರಡೂ ಕಿವಿ ಮಂದವಾಗುತ್ತಿವೆ, ಕಿವಿಯ ಮೆಷಿನ್ ಹಾಕಿಕೊಳ್ಳಬೇಕು ಎಂದರು ಡಾಕ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಒಂದೇ ಮಾತು ಹೇಳಿದ್ದಂತೆ. ಜನ ನನ್ನ ಕಿವಿ ನಂಬಿಕೊಂಡು ವರ್ಷದ ಕೊಬ್ಬರಿ ಸುಲಿಸುತ್ತಾರೆ, ಮೆಷಿನ್ ಕಂಡ ದಿನ ನನ್ನನ್ನು ಅಟ್ಟ ಹತ್ತಿಸುವವರು ಯಾರು, ಕೆಪ್ಪಿ ಅನ್ನಿಸಿಕೊಂಡು ಮೂಲೆಯಲ್ಲಿ ಕೂರಬೇಕಾ ಎಂದು. ಅಷ್ಟು ಹೇಳಿ ಊರು ಬರುವವರೆಗೂ ಸೆರಗು ಬಾಯಿಗೆ ಒತ್ತಿಕೊಂಡಿದ್ದರಂತೆ.

"ಅವಳಿಗೆ ಜೋರಾಗಿ ಹೇಳ್ರಪ್ಪಾ ಅಂದ್ರೆ ಅವಳ ಮರ್ಯಾದಿ ಹೋಯ್ತದೆ. ನನಗೆ ಜೋರಾಗಿ ಹೇಳಿದ್ರೆ ನಂದೇನು ಹೋಯ್ತದೆ?" ಎಂದರು ಮಾವ. "ಪಕ್ಕದಾಗೆ ನಾನು ಇದನ್ನ ಹಾಕ್ಕೊಂಡು ಕೂತಿದ್ರೆ ಬಂದೋರೆಲ್ಲ ಕಿರಚ್ತಾರೆ. ಅವಳಿಗೆ ಎಲ್ಲಾ ಕೇಳ್ತದೆ. ಹುಚ್ಚ ಅಂತಾರೆ ನನ್ನ, ಅಂದ್ಕೊಳ್ಳಿ ಬಿಡು."

ಮಂಡಿಯನ್ನೂ ನನ್ನ ಅಂಗಡಿಯನ್ನೂ ಬಿಟ್ಟರೆ ಮಾವ ಹೋದ ಕಡೆಯೆಲ್ಲ ಪಕ್ಕದಲ್ಲಿ ಅತ್ತೆ ಇರುತ್ತಿದ್ದರು. ಬೇರೆಯವರ ಅಟ್ಟಕ್ಕೆ ಹತ್ತುವಾಗ ಕಾಯಿ ಎತ್ತಿಕೊಡುವ ನೆಪದಲ್ಲಿ ಮಾವನೂ ಹಿಂದೆ ಹತ್ತುತ್ತಿದ್ದರು, ಮೇಲೆ ಹೋದಮೇಲೆ ಒಂದು ಬಟ್ಟಲನ್ನು ಕಿವಿಯಿಂದ ಸರಿಸಿಕೊಂಡು ತಾವೇ ಕೇಳಿ, ಕಣ್ಣಿನಲ್ಲೇ ಹೌದು ಅಲ್ಲ ಹೇಳುತ್ತಿದ್ದರು. ಹೆಡ್‌ಫೋನು ಹಾಕಿಕೊಂಡ ಮನುಷ್ಯ ಕಾಯಿಯ ಸದ್ದು ಕೇಳುತ್ತಿದ್ದಾನೆ ಎಂದು ಯಾರಿಗೆ ತಾನೇ ಅನುಮಾನ ಬಂದೀತು?

ಹಾಗಾದರೆ ಎಲ್ಲ ಸರಿಯಾಗಿಯೇ ನಡೆಯುತ್ತಿದೆಯಲ್ಲ, ಈ ಆಂಪ್ಲಿಫೈಯರ್ ಯಾಕೆ ಎಂದು ಕೇಳಿದೆ.

ಮಾವ ಅತ್ತೆಯ ಕಡೆ ತಿರುಗಿ ನೋಡಿದರು. ಅಮ್ಮ, ಅತ್ತೆ ದೂರದಲ್ಲಿ ಬಸವಣ್ಣನನ್ನು ಸುತ್ತು ಹಾಕುತ್ತಿದ್ದರು. ಬಿಸಿಲು ಅವರ ಸೀರೆಯ ಮೇಲೆ ಬಿದ್ದಿತ್ತು.

"ಊರೋರಿಗೆಲ್ಲ ಕಿರಚೋಕೆ ಬತ್ತದೆ. ನನಗೆ ಬರಲ್ವಲ್ಲೋ" ಎಂದರು. "ಬಂದ್ರೂ ಕೆಲವು ಮಾತ ಕಿರಚಿ ಹೇಳೋಕಾಗಲ್ಲ ಕಣ್ಲಾ. ಎರಡು ವರ್ಷ ಆಯ್ತು."

ಅಮ್ಮ ಹೇಳಿದ್ದು ಸರಿಯಾಗಿತ್ತು, ಅವರಿಬ್ಬರ ನಡುವೆ ಮಾತು ನಿಂತುಹೋಗಿತ್ತು. ಅದನ್ನು ನಿಲ್ಲಿಸಿದ್ದು ಹೆಡ್‌ಫೋನಲ್ಲ, ಅಷ್ಟೇ. ಊರಿನ ಮಾತನ್ನೆಲ್ಲ ಹೆಂಡತಿಗೆ ಮುಟ್ಟಿಸುತ್ತಿದ್ದ ಮನುಷ್ಯನಿಗೆ ತನ್ನ ಮಾತನ್ನು ಮುಟ್ಟಿಸುವ ದಾರಿ ಇರಲಿಲ್ಲ. ಅದಕ್ಕೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಅಷ್ಟು ದಿನ ಕೇಳಿದ್ದು.

ಮಾರನೆಯ ದಿನವೇ ಹುಡುಕಿ ತರಿಸಿದೆ. ಅಂಥದ್ದೂ ಒಂದಿದೆ! ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಒಂದು ಕಡೆ ಪುಟ್ಟ ಮೈಕು, ಇನ್ನೊಂದು ಕಡೆ ಹೆಡ್‌ಫೋನು ಸಿಕ್ಕಿಸುವ ತೂತು, ಸೊಂಟಕ್ಕೆ ಹಾಕಿಕೊಳ್ಳಲು ಕ್ಲಿಪ್ಪು. ಎದುರಿಗೆ ಮಾತಾಡಿದ ದನಿಯನ್ನು ಎತ್ತಿ ಹೆಡ್‌ಫೋನಿಗೆ ಹಾಕುತ್ತದೆ, ಹಾಡುಗೀಡು ಏನೂ ಇಲ್ಲ. ಜೊತೆಗೆ ಒಂದು ಹೊಸ ಹೆಡ್‌ಫೋನನ್ನೂ ಇಟ್ಟುಕೊಂಡು ಅಮ್ಮನ ಜೊತೆ ಮಾವನ ಊರಿನ ಬಸ್ಸು ಹತ್ತಿದೆ. ಅತ್ತೆಗೆ ಇದನ್ನು ಹಾಕಿಸುವುದು ಹೇಗೆ ಎಂದು ದಾರಿಯುದ್ದಕ್ಕೂ ನನಗೆ ಚಿಂತೆ. ಕಿವಿಯ ಮೆಷಿನ್ನನ್ನು ಬೇಡವೆಂದವರು ಇದನ್ನು ಮುಟ್ಟುತ್ತಾರಾ?

ಮಾವ ಎರಡು ವರ್ಷದಿಂದ ಇದನ್ನು ಯೋಚಿಸುತ್ತಿದ್ದಿರಬೇಕು, ಏನು ಹೇಳಬೇಕೆಂದು ನನಗೆ ಬಾಗಿಲಲ್ಲೇ ಪಿಸುಗುಟ್ಟಿದರು. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮಾವ ಹೋಗಿ ಎದುರಿಗೆ ಕೂತು, ಹೊಸ ಹೆಡ್‌ಫೋನನ್ನೂ ಡಬ್ಬಿಯನ್ನೂ ಅತ್ತೆಯ ಮುಂದಿಟ್ಟರು. ನನಗೆ ಕಣ್ಣು ಮಿಟುಕಿಸಿ ಹೇಳು ಎಂದರು. ನಾನು ಅಂಗಡಿಯವನ ದನಿಯಲ್ಲಿ, ಅಂದರೆ ಬೀದಿಗೆ ಕೇಳುವ ಹಾಗೆ ಹೇಳಿದೆ. ಅತ್ತೆ, ಈ ಮನುಷ್ಯ ಹೆಡ್‌ಫೋನಿಗೆ ಆಂಪ್ಲಿಫೈಯರ್ ಬೇಕೋ ಬೇಡವೋ ಎಂದು ನನ್ನ ಜೀವ ತಿಂದಿದ್ದಾರೆ, ಅಂಗಡಿಯ ಮುಂದೆ ಎರಡು ಪಕ್ಷವಾಗಿದೆ, ಈ ಸೀಮೆಯಲ್ಲಿ ಕೇಳಿ ಹೇಳುವ ಕಿವಿ ಅಂದರೆ ನಿಮ್ಮದು, ನೀವು ಹಾಕಿಕೊಂಡು ನೋಡಿ ತೀರ್ಪು ಕೊಡಬೇಕು ಎಂದೆ.

ಅತ್ತೆ ನನ್ನನ್ನೂ ನೋಡಿದರು, ಗಂಡನ ತಲೆಯ ಮೇಲಿದ್ದದ್ದನ್ನೂ ನೋಡಿದರು. ಅವರಿಗೆ ಎಲ್ಲ ಗೊತ್ತಾಯಿತೋ ಏನೋ ನನಗೆ ಇವತ್ತಿಗೂ ತಿಳಿಯದು. ಸೆರಗಿಗೆ ಕೈ ಒರೆಸಿಕೊಂಡು ಹೆಡ್‌ಫೋನು ಎತ್ತಿ ಹಾಕಿಕೊಂಡರು. ತುರುಬಿಗೆ ತಾಕದ ಹಾಗೆ ಅಮ್ಮ ಸರಿಮಾಡಿದಳು. ಪಕ್ಕದ ಮನೆಯ ಯಜಮಾನರು ಅದೇ ಹೊತ್ತಿಗೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು, ಮಾವನ ಕಡೆ ಕೈ ಮಾಡಿ, "ಆಯ್ತಲ್ಲಪ್ಪ, ನಿನ್ನ ಹುಚ್ಚು ಮನೆಯವರಿಗೂ ಹಿಡೀತು" ಎಂದು ನಕ್ಕುಕೊಂಡು ಹೋದರು. ಅಷ್ಟೇ ಅವರು ಅಂದದ್ದು. ಕಿವಿಯ ಮಾತು ಅವರ ಬಾಯಲ್ಲಿ ಬರಲಿಲ್ಲ. ಮಾವ ಎರಡು ವರ್ಷ ಹುಚ್ಚನೆನಿಸಿಕೊಂಡದ್ದು ಈ ಒಂದು ಮಾತಿಗಾಗಿ ಎಂದು ನನಗೆ ಆಗ ಹೊಳೆಯಿತು, ಕಣ್ಣು ತುಂಬಿ ಬಂತು.

ಡಬ್ಬಿಯನ್ನು ಅತ್ತೆ ಮಡಿಲಲ್ಲಿಟ್ಟುಕೊಂಡರು. ನಾನು ದನಿ ಏರಿಸುವ ತಿರುಪನ್ನು ಮೆಲ್ಲಗೆ ತಿರುಗಿಸಿದೆ. ಅತ್ತೆ ಮೊದಲು ತಮ್ಮ ಬಳೆಯ ಸದ್ದಿಗೇ ಬೆಚ್ಚಿ ಕೈ ನೋಡಿಕೊಂಡರು. ಆಮೇಲೆ ತೋಟದ ಕಡೆ ತಿರುಗಿದರು. ಗಾಳಿ ಇತ್ತು, ಗರಿಗಳು ಅಲ್ಲಾಡುತ್ತಿದ್ದವು. ಬಹಳ ಹೊತ್ತು ಹಾಗೇ ಕೂತಿದ್ದರು. ಅವಸರ ಮಾಡಬೇಡ ಎಂದು ಮಾವ ನನಗೆ ಸನ್ನೆ ಮಾಡಿದರು.

"ಕೇಳ್ತೈತಾ?" ಎಂದು ಮಾವ ಕೇಳಿದರು. ತಮ್ಮ ಕೈಲಾದಷ್ಟು ಜೋರಾಗಿಯೇ ಕೇಳಿದ್ದರು ಪಾಪ.

"ಯಾಕ್ರೀ ಕೂಗ್ತೀರಿ? ಮೆತ್ತಗೆ ಮಾತಾಡಿ" ಎಂದರು ಅತ್ತೆ.

ಹಾಗೆ ಹೇಳಿದ ಅತ್ತೆಯ ದನಿಯೂ ಎರಡು ವರ್ಷದಲ್ಲಿ ಮೊದಲ ಸಲ ತಗ್ಗಿತ್ತು. ಮಾವ ತಮ್ಮ ಹೆಡ್‌ಫೋನನ್ನು ತೆಗೆದು ಪಕ್ಕಕ್ಕಿಟ್ಟರು. ಅಮ್ಮ ಅವರ ಕಿವಿಗಳನ್ನೇ ನೋಡುತ್ತಾ ಬಾಗಿಲಿಗೆ ಒರಗಿದಳು. ಮಾವ ಸ್ವಲ್ಪ ಮುಂದೆ ಬಾಗಿ, ಅತ್ತೆಯ ಮಡಿಲಲ್ಲಿದ್ದ ಡಬ್ಬಿಯ ಕಡೆ ಮುಖ ಮಾಡಿ, ತಮ್ಮ ಹಳೆಯ ದನಿಯಲ್ಲಿ ಏನೋ ಹೇಳಿದರು. ಪಕ್ಕದಲ್ಲೇ ನಿಂತಿದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಅತ್ತೆ ತಲೆ ತಗ್ಗಿಸಿ ಅವರೆಕಾಯಿಯ ಮೊರವನ್ನೇ ನೋಡುತ್ತಿದ್ದರು. ಮಾವನ ಮುಖದಲ್ಲಿ ಗಾಬರಿ ಕಾಣಿಸಿತು. ತಿರುಪು ಇನ್ನಷ್ಟು ತಿರುಗಿಸು ಎನ್ನುವ ಹಾಗೆ ನನ್ನ ಕಡೆ ನೋಡಿ, "ಕೇಳಿಸ್ಲಿಲ್ವೇನೇ?" ಎಂದರು.

"ಕೇಳಿಸ್ತು ಕಣ್ರೀ" ಎಂದರು ಅತ್ತೆ. "ಇನ್ನೊಂದ್ಸಲ ಹೇಳಿ."